ಪಾಲಿಕೆ ಎರಡಾದರೆ ಚಿತ್ರಗಳು ಯಾರ ಪಾಲಿಗೆ?

(ಧಾರವಾಡದಲ್ಲಿ ಕೊಟ್ಟ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

2025ರ ಜನವರಿಯಲ್ಲಿ ರಾಜ್ಯ ಸಚಿವ ಸಂಪುಟ ಧಾರವಾಡಕ್ಕೆ ಪ್ರತ್ಯೇಕ ಮಹಾನಗರ ಪಾಲಿಕೆ ಕೊಡಲು ಒಪ್ಪಿತು. ಆವತ್ತು ಪೇಡೆ ಹಂಚಿದವರು ಈ ಸಭೆಯಲ್ಲೂ ಇರಬಹುದು. ತಪ್ಪಿಲ್ಲ ಬಿಡಿ. 1962ರಲ್ಲಿ ಹುಬ್ಬಳ್ಳಿ, ಧಾರವಾಡ ಎರಡೂ ಊರು ಸೇರಿಸಿ ಒಂದು ಪಾಲಿಕೆ ಮಾಡಿದರು. ಅವತ್ತಿನಿಂದ "ದುಡ್ಡೆಲ್ಲಾ ಹುಬ್ಬಳ್ಳಿಗೇ ಹೋಗತೈತಿ" ಅನ್ನೋ ಮಾತನ್ನು ಧಾರವಾಡದ ಚಹಾದಂಗಡಿಗಳು ಕೇಳುತ್ತಲೇ ಬಂದಿವೆ. ಈಗ 82 ವಾರ್ಡುಗಳಲ್ಲಿ 26 ಧಾರವಾಡಕ್ಕೆ, ಉಳಿದದ್ದು ಹುಬ್ಬಳ್ಳಿಗೆ ಅಂತ ಲೆಕ್ಕವಾಗಿದೆ.

ಪಾಲಾಗುವಾಗ ಏನೇನು ಹಂಚಬೇಕು ಅಂತ ಚರ್ಚೆ ನಡೆಯುತ್ತದೆ. ಕಸದ ಗಾಡಿ, ಜೆಸಿಬಿ, ಒಳಚರಂಡಿ ಯಂತ್ರ. ಪೌರಕಾರ್ಮಿಕರು ಯಾವ ಕಡೆ, ಇಂಜಿನಿಯರುಗಳು ಯಾವ ಕಡೆ. ಪಿಂಚಣಿ ಬಾಕಿ ಯಾರ ತಲೆ ಮೇಲೆ, ಗುತ್ತಿಗೆದಾರರ ಬಿಲ್ಲು ಯಾರ ತಲೆ ಮೇಲೆ. ಮಳಿಗೆಗಳ ಬಾಡಿಗೆ ಯಾರ ಖಾತೆಗೆ. ಇದೆಲ್ಲ ಬೇಕು, ಇಲ್ಲ ಅಂತ ನಾನು ಹೇಳುತ್ತಿಲ್ಲ. ಆದರೆ ಸಭಾಭವನದ ಗೋಡೆ ಮೇಲಿನ ತೈಲವರ್ಣ ಚಿತ್ರ ಯಾರದು? ಹಳೆಯ ಶಾಲೆಯೊಂದರ ಹೆಡ್‌ಮಾಸ್ಟರ್ ಕೋಣೆಯಲ್ಲಿ ಧೂಳು ತಿನ್ನುತ್ತಿರುವ ಭಾವಚಿತ್ರ ಯಾರದು? ಉದ್ಯಾನದ ಮೂಲೆಯಲ್ಲಿ ಮೂಗು ಮುರಿದುಕೊಂಡು ನಿಂತಿರುವ ಸಿಮೆಂಟಿನ ಶಿಲ್ಪ ಯಾರದು? ಈ ಪ್ರಶ್ನೆ ಕೇಳಿದವರನ್ನು ನಾನು ಇನ್ನೂ ನೋಡಿಲ್ಲ. ಹಾಗಾಗಿ ಇವತ್ತು ನಾನೇ ಕೇಳುತ್ತೇನೆ.

ಚಿತ್ರಗಳ ಸಂಗ್ರಹ ಪಾಲು ಮಾಡಿದ ದೊಡ್ಡ ಉದಾಹರಣೆ ನಮ್ಮ ದೇಶದಲ್ಲೇ ಇದೆ. 1947ರಲ್ಲಿ ದೇಶ ಒಡೆಯಿತಲ್ಲ, ಆಗ ಲಾಹೋರಿನ ಮ್ಯೂಸಿಯಮ್ಮನ್ನೂ ಹಂಚಿದರು. 60 ಪಾಲು ಪಾಕಿಸ್ತಾನಕ್ಕೆ, 40 ಪಾಲು ಭಾರತಕ್ಕೆ. ನಮ್ಮ ಪಾಲಿಗೆ ಬಂದ ಗಾಂಧಾರ ಶಿಲ್ಪಗಳು, ಪಹಾಡಿ ಚಿತ್ರಗಳು ಊರೂರು ಅಲೆದು ಕೊನೆಗೆ 1968ರಲ್ಲಿ ಚಂಡೀಗಢದ ಸರ್ಕಾರಿ ಮ್ಯೂಸಿಯಂ ಸೇರಿದವು. ಮೊಹೆಂಜೊದಾರೊದಲ್ಲಿ ಸಿಕ್ಕ ಹಾರಗಳ ಕತೆ ಇನ್ನೂ ವಿಚಿತ್ರ. ನಾಲ್ಕು ಸಾವಿರ ವರ್ಷ ಮಣ್ಣಲ್ಲಿದ್ದು ಉಳಿದುಬಂದ ಹಾರವನ್ನು ಬಿಚ್ಚಿ, ಮಣಿಗಳನ್ನು ಎರಡು ಪಾಲು ಮಾಡಿದರು! ಅರ್ಧ ದೆಹಲಿಯಲ್ಲಿದೆ, ಅರ್ಧ ಅಲ್ಲಿದೆ. ಇದನ್ನು ಕೇಳಿ ನಗುವವರು ನಗಬಹುದು. ನನಗೆ ಬೇರೆ ಒಂದು ವಿಷಯ ಕಾಣುತ್ತದೆ. ಅಷ್ಟು ರಕ್ತ ಹರಿದ ಕಾಲದಲ್ಲೂ 60 ಎಷ್ಟು, 40 ಎಷ್ಟು ಅಂತ ಎಣಿಸಲು ಆಯಿತಲ್ಲ, ಹೇಗೆ? ಲಾಹೋರಿನಲ್ಲಿ ಪಟ್ಟಿ ಇತ್ತು. ಪ್ರತಿ ವಸ್ತುವಿಗೂ ನಂಬರ್ ಇತ್ತು. ಜಗಳ ಆಡೋದಕ್ಕಾದರೂ ಕೈಯಲ್ಲಿ ಒಂದು ಕಾಗದ ಇತ್ತು.

ನಮ್ಮಲ್ಲಿ ಏನಿದೆ? ಡೆಡ್ ಸ್ಟಾಕ್ ರಿಜಿಸ್ಟರ್. ಸರ್ಕಾರಿ ಕಚೇರಿಯಲ್ಲೋ ಶಾಲೆಯಲ್ಲೋ ಕೆಲಸ ಮಾಡಿದವರಿಗೆ ಇದು ಚೆನ್ನಾಗಿ ಗೊತ್ತು. ಕುರ್ಚಿ, ಟೇಬಲ್, ಫ್ಯಾನು, ಗೋದ್ರೇಜ್ ಕಪಾಟು, ಗಡಿಯಾರ. ಅದರ ನಡುವೆ ಎಲ್ಲೋ ಒಂದು ಕಡೆ "ಫೋಟೋ, ಫ್ರೇಮ್ ಸಹಿತ, 1" ಅಂತ ಇರುತ್ತದೆ. ಯಾರ ಫೋಟೋ? ಫೋಟೋನಾ, ಕೈಯಲ್ಲಿ ಬರೆದ ಚಿತ್ರಾನಾ? ಬರೆದವರು ಯಾರು? ಅಳತೆ ಎಷ್ಟು? ಯಾರು ಕೊಟ್ಟದ್ದು, ಕೊಂಡದ್ದಾದರೆ ಎಷ್ಟಕ್ಕೆ? ಏನೂ ಇಲ್ಲ. ಇನ್ನು ಐದಾರು ವರ್ಷ ಕಳೆದ ಮೇಲೆ ಒಬ್ಬ ಹೊಸ ಗುಮಾಸ್ತ ಬರುತ್ತಾನೆ. ಕೋಣೆ ಖಾಲಿ ಮಾಡಬೇಕು ಅಂತ ಮೇಲಿನಿಂದ ಆದೇಶ ಬರುತ್ತದೆ. ಕಾಲು ಮುರಿದ ಕುರ್ಚಿ ಜೊತೆ, ಸುಟ್ಟ ಫ್ಯಾನಿನ ಜೊತೆ ಆ ಚಿತ್ರವನ್ನೂ ನಿರುಪಯುಕ್ತ ಅಂತ ಬರೆದು ಲಿಲಾವಿಗೆ ಹಾಕುತ್ತಾರೆ. ಗುಜರಿಯವನು ತೇಗದ ಫ್ರೇಮ್ ನೋಡಿ ಬೆಲೆ ಕಟ್ಟುತ್ತಾನೆ. ಕ್ಯಾನ್ವಾಸು ಅವನಿಗೆ ಪುಕ್ಕಟೆ. ಇಲ್ಲಿ ಯಾರೂ ಕಳ್ಳರಲ್ಲ. ನಿಯಮ ಪ್ರಕಾರವೇ ಎಲ್ಲ ಆಗಿರುತ್ತದೆ.

ಇದು ಯಾಕೆ ಇಷ್ಟು ಹೊಟ್ಟೆ ಉರಿಸುವ ವಿಷಯ ಅಂದರೆ, ಈ ಭಾಗದಲ್ಲಿ ಚಿತ್ರಕಲೆಗೆ ಬರಗಾಲ ಇರಲಿಲ್ಲ. 1956ರವರೆಗೆ ನಾವು ಮುಂಬಯಿ ಪ್ರಾಂತದಲ್ಲಿದ್ದೆವು. ಕಲಿಯಬೇಕು ಅನ್ನುವ ಹುಡುಗರು ರೈಲು ಹತ್ತಿ ಮುಂಬಯಿಯ ಜೆ.ಜೆ. ಸ್ಕೂಲ್ ಆಫ್ ಆರ್ಟ್‌ಗೆ ಹೋಗುತ್ತಿದ್ದರು. ಹಾಗೆ ಹೋಗಿ ಬಂದ ಡಿ.ವಿ. ಹಾಲಭಾವಿಯವರು ಧಾರವಾಡದಲ್ಲಿ ಚಿತ್ರಕಲಾ ಶಾಲೆ ಕಟ್ಟಿದರು. ಹುಬ್ಬಳ್ಳಿಯಲ್ಲಿ ಎಂ.ವಿ. ಮಿಣಜಿಗಿಯವರು ಕಟ್ಟಿದರು. ಗದಗಿನಲ್ಲಿ ಟಿ.ಪಿ. ಅಕ್ಕಿಯವರು ವಿಜಯ ಕಲಾಮಂದಿರ ಕಟ್ಟಿದರು. ಮೂರು ಊರು, ಮೂರು ಶಾಲೆ, ಮಧ್ಯೆ ರೈಲಿನಲ್ಲಿ ಒಂದೆರಡು ತಾಸು. ಇಲ್ಲಿಂದ ಹೊರಬಿದ್ದ ಡ್ರಾಯಿಂಗ್ ಮಾಸ್ತರುಗಳು ಉತ್ತರ ಕರ್ನಾಟಕದ ಹೈಸ್ಕೂಲುಗಳನ್ನು ತುಂಬಿದರು. ಡ್ರಾಯಿಂಗ್ ಲೋಯರ್, ಹೈಯರ್ ಪರೀಕ್ಷೆ ಕಟ್ಟಿದವರು ಇಲ್ಲಿ ಎಷ್ಟು ಜನ ಇದ್ದೀರಿ? ಕೈ ಎತ್ತಿ ನೋಡೋಣ. (ಅರ್ಧಕ್ಕಿಂತ ಜಾಸ್ತಿ ಕೈಗಳು ಮೇಲೆದ್ದವು.) ನೋಡಿದಿರಲ್ಲ. ಹೂದಾನಿ, ಅದರ ಪಕ್ಕ ಒಂದು ತಂಬಿಗೆ, ನೆರಳು ಬಿಡಿಸಿ ಪಾಸಾದವರು ನಾವೆಲ್ಲ. ಆದರೆ ಆ ಮಾಸ್ತರುಗಳು ತಾವೇ ಬರೆದ ಚಿತ್ರಗಳು ಎಲ್ಲಿವೆ ಅಂತ ಕೇಳಿದರೆ ನಮ್ಮ ಬಳಿ ಉತ್ತರ ಇಲ್ಲ.

ಈಗ ಪಾಲಿಕೆ ಒಳಗೆ ಹೋಗೋಣ. ಯಾಕೆ ಅಲ್ಲಿ ಚಿತ್ರದ ಮಾತು ಬರೋದಿಲ್ಲ? ಸದಸ್ಯರಿಗೆ ಅಭಿರುಚಿ ಇಲ್ಲ ಅಂತ ಬೈದುಬಿಡುವುದು ಸುಲಭ. ನಾನು ಬೈಯುವುದಿಲ್ಲ. ಕಾರ್ಪೊರೇಟರ್ ಒಬ್ಬರ ಮನೆ ಮುಂದೆ ಬೆಳಿಗ್ಗೆ ಏಳಕ್ಕೆ ಹೋಗಿ ನಿಂತು ನೋಡಿ. ನೀರು ಬಂದಿಲ್ಲ ಅನ್ನುವವರು, ಗಟಾರ ಕಟ್ಟಿದೆ ಅನ್ನುವವರು, ಬೀದಿ ದೀಪ, ನಾಯಿ ಕಾಟ, ಖಾತಾ ಬದಲಾವಣೆ. ಈ ಊರಿನಲ್ಲಿ ನೀರು ವಾರಕ್ಕೊಮ್ಮೆ ಬಂದ ದಿನಗಳನ್ನು ನಾವೆಲ್ಲ ಕಂಡಿದ್ದೇವೆ. ಆ ಸಾಲಿನಲ್ಲಿ ನಿಂತು "ಸಾಹೇಬ್ರ, ಒಂದು ಚಿತ್ರಕ್ಕ ಫಂಗಸ್ ಹತ್ತೈತಿ" ಅಂತ ಹೇಳಲು ನನಗೇ ಬಾಯಿ ಬರುವುದಿಲ್ಲ.

ತೊಂದರೆ ಇರೋದು ವ್ಯವಸ್ಥೆಯಲ್ಲಿ. ಕರ್ನಾಟಕ ಮಹಾನಗರ ಪಾಲಿಕೆಗಳ ಕಾಯ್ದೆ 1976ರದ್ದು. ಅದರ 58ನೇ ಕಲಮಿನಲ್ಲಿ ಪಾಲಿಕೆ ಮಾಡಲೇಬೇಕಾದ ಕೆಲಸಗಳಿವೆ: ಕಸ, ಚರಂಡಿ, ದೀಪ, ನೀರು ಇತ್ಯಾದಿ. 59ನೇ ಕಲಮಿನಲ್ಲಿ ಮನಸ್ಸಿದ್ದರೆ ಮಾಡಬಹುದಾದ ಕೆಲಸಗಳಿವೆ. ಕಲೆ, ಸಂಗ್ರಹಾಲಯ ಇದೆಲ್ಲ ಈ ಎರಡನೆಯ ಗುಂಪಿಗೆ ಸೇರಿದ್ದು. ಮುಂದೆ ಸಂವಿಧಾನದ 74ನೇ ತಿದ್ದುಪಡಿ ಬಂತು. 1993ರ ಜೂನ್ 1ರಿಂದ ಜಾರಿಗೆ ಬಂತು. ಅದರ ಜೊತೆ ಬಂದ 12ನೇ ಅನುಸೂಚಿಯಲ್ಲಿ ನಗರಾಡಳಿತಕ್ಕೆ ಕೊಡಬಹುದಾದ 18 ವಿಷಯಗಳಿವೆ. 13ನೆಯದು ಸಾಂಸ್ಕೃತಿಕ, ಶೈಕ್ಷಣಿಕ ಹಾಗೂ ಸೌಂದರ್ಯದ ಅಂಶಗಳನ್ನು ಬೆಳೆಸುವುದು. ಅಂದರೆ ಕಾಗದದ ಮೇಲೆ ಜಾಗ ಇದೆ. ಆದರೆ ಪಾಲಿಕೆಯ ನಾಲ್ಕು ಸ್ಥಾಯಿ ಸಮಿತಿಗಳನ್ನು ನೋಡಿ. ತೆರಿಗೆ ಮತ್ತು ಹಣಕಾಸು ಒಂದು. ಆರೋಗ್ಯ, ಶಿಕ್ಷಣ, ಸಾಮಾಜಿಕ ನ್ಯಾಯ ಒಂದು. ಪಟ್ಟಣ ಯೋಜನೆ ಒಂದು. ಲೆಕ್ಕಪತ್ರ ಒಂದು. ಕಲೆ ಎಲ್ಲಿ ಕೂತುಕೊಳ್ಳಬೇಕು? ಶಿಕ್ಷಣದ ಪಕ್ಕ ಸ್ವಲ್ಪ ಸರಿದು ಜಾಗ ಮಾಡಿಕೊಡಬಹುದು ಅನ್ನಿ. ಆದರೆ ಆ ಸಮಿತಿಗೆ ಆಸ್ಪತ್ರೆ, ಸೊಳ್ಳೆ, ಡೆಂಗಿ ಮುಗಿಯುವಷ್ಟರಲ್ಲಿ ಅವಧಿಯೇ ಮುಗಿದಿರುತ್ತದೆ. ಅವಧಿ ಒಂದೇ ವರ್ಷ ಕಣ್ರೀ. ಮೇಯರದ್ದೂ ಒಂದೇ ವರ್ಷ. ಒಬ್ಬ ಮೇಯರ್ ಒಪ್ಪಿದ್ದನ್ನು ಮುಂದಿನ ಮೇಯರಿಗೆ ಮೊದಲಿನಿಂದ ಹೇಳಬೇಕು.

ಅದೂ ಮೇಯರ್ ಇದ್ದರೆ ತಾನೇ. 2019ರಲ್ಲಿ ಹಿಂದಿನ ಕೌನ್ಸಿಲ್‌ನ ಅವಧಿ ಮುಗಿಯಿತು. ಚುನಾವಣೆ ನಡೆದದ್ದು 2021ರ ಸೆಪ್ಟೆಂಬರಿನಲ್ಲಿ. ಮೇಯರ್ ಆಯ್ಕೆಯಾದದ್ದು 2022ರ ಮೇ ತಿಂಗಳಲ್ಲಿ. ಮೂರು ವರ್ಷ ಆಡಳಿತಾಧಿಕಾರಿ ಕೈಯಲ್ಲಿ ಊರು ನಡೆಯಿತು. ರಸ್ತೆ ಕೆಲಸ ಹೇಗೋ ಸಾಗುತ್ತದೆ, ಅದಕ್ಕೆ ಗುತ್ತಿಗೆದಾರ ಬೆನ್ನು ಹತ್ತಿರುತ್ತಾನೆ. ಚಿತ್ರದ ಬೆನ್ನು ಹತ್ತುವವರು ಯಾರು?

ಇನ್ನೊಂದು ಸಣ್ಣ ವಿಷಯ. ಮನೆಗೆ ಹೋದ ಮೇಲೆ ನಿಮ್ಮ ಆಸ್ತಿ ತೆರಿಗೆ ಚಲನ್ ತೆಗೆದು ನೋಡಿ. ತೆರಿಗೆಯ ಕೆಳಗೆ ಕೆಲವು ಕರಗಳಿರುತ್ತವೆ. ಆರೋಗ್ಯ ಕರ, ಭಿಕ್ಷುಕರ ಕರ, ಮತ್ತೆ ಗ್ರಂಥಾಲಯ ಕರ. ಈ ಗ್ರಂಥಾಲಯ ಕರ ಆಸ್ತಿ ತೆರಿಗೆಯ ನೂರಕ್ಕೆ 6. 1965ರ ಗ್ರಂಥಾಲಯ ಕಾಯ್ದೆಯಿಂದ ಬಂದದ್ದು. ಆ ದುಡ್ಡನ್ನು ಪಾಲಿಕೆಗಳು ಹೊತ್ತಿಗೆ ಸರಿಯಾಗಿ ಗ್ರಂಥಾಲಯ ಇಲಾಖೆಗೆ ಕಟ್ಟುವುದಿಲ್ಲ ಅನ್ನುವ ದೂರು ರಾಜ್ಯದ ತುಂಬ ಇದೆ. ಇರಲಿ. ಆದರೂ ಪುಸ್ತಕಕ್ಕೆ ಕಾಯ್ದೆಯಲ್ಲಿ ಒಂದು ಹಿಡಿತ ಇದೆ. "ನಮ್ಮ ದುಡ್ಡು ಕೊಡ್ರಿ" ಅಂತ ಕೇಳುವ ಹಕ್ಕಿದೆ. ಚಿತ್ರಕ್ಕೆ ಅದೂ ಇಲ್ಲ. ಹೊಸ ಕರ ಹಾಕಿ ಅಂತ ನಾನು ಹೇಳಿದರೆ ನೀವು ಚಪ್ಪಲಿ ಹುಡುಕುತ್ತೀರಿ, ಹಾಗಾಗಿ ಹೇಳುವುದಿಲ್ಲ. ಬಜೆಟ್ಟಿನಲ್ಲಿ ಒಂದು ಪ್ರತ್ಯೇಕ ಲೆಕ್ಕ ಶೀರ್ಷಿಕೆ ಇರಲಿ, ಅಷ್ಟೇ. ಅದರಲ್ಲಿ ಒಂದು ಲಕ್ಷ ಇದ್ದರೂ ಸಾಕು. ಶೀರ್ಷಿಕೆ ಇಲ್ಲದ ಕೆಲಸಕ್ಕೆ ಕಮಿಷನರ್ ಮನಸ್ಸು ಮಾಡಿದರೂ ಖರ್ಚು ಹಾಕಲು ಬರುವುದಿಲ್ಲ.

ಈ ಮಾತಿಗೆ ಸಾಮಾನ್ಯವಾಗಿ ಬರುವ ಉತ್ತರ: "ಕಟ್ಟಡ ಕಟ್ಟೋಣಲ್ರೀ, ಹೊಸಾದು, ಏಸಿ ಹಾಕಿ!" ಕಟ್ಟಡ ಅಂದ ಕೂಡಲೇ ಎಲ್ಲರ ಮುಖ ಅರಳುತ್ತದೆ. ಎಸ್ಟಿಮೇಟ್ ಆಗುತ್ತದೆ, ಟೆಂಡರ್ ಆಗುತ್ತದೆ, ಭೂಮಿಪೂಜೆ, ಕಲ್ಲಿನ ಮೇಲೆ ಹೆಸರು. ಆಮೇಲೆ ಆ ಕಟ್ಟಡ ಮದುವೆಗೂ ಪಕ್ಷದ ಸಭೆಗೂ ಬಾಡಿಗೆಗೆ ಹೋಗುತ್ತದೆ. ಕಡಪಾ ಮೈದಾನದ ಕಲಾಭವನಕ್ಕೆ ಮಲ್ಲಿಕಾರ್ಜುನ ಮನಸೂರರ ಹೆಸರಿದೆ. ಅಂಥ ದೊಡ್ಡ ಹೆಸರು ಹೊತ್ತ ಕಟ್ಟಡದ ಬಗ್ಗೆ ಧಾರವಾಡದವರು ಎಷ್ಟು ಸಲ ಗೊಣಗಿಲ್ಲ, ನಿಮಗೇ ಗೊತ್ತು. ಕಟ್ಟಡ ಬೇಡ ಅನ್ನುತ್ತಿಲ್ಲ. ಕಟ್ಟಡ ಮೊದಲು ಬೇಡ ಅನ್ನುತ್ತಿದ್ದೇನೆ.

ಯಾಕೆ ಅಂತ ಒಂದು ಚಿತ್ರ ಇಟ್ಟುಕೊಂಡು ಹೇಳುತ್ತೇನೆ. ಈ ಭಾಗದ ಒಂದು ಊರಿನ ಹಳೆಯ ಸಾರ್ವಜನಿಕ ಕಟ್ಟಡದಲ್ಲಿ ನಾನು ಕಂಡದ್ದು. ಊರೂ ಬೇಡ, ಕಚೇರಿಯೂ ಬೇಡ. ಹಿರಿಯರೊಬ್ಬರ ಭಾವಚಿತ್ರ, ಆಳೆತ್ತರದ್ದು, ಕ್ಯಾನ್ವಾಸಿನ ಮೇಲೆ ತೈಲವರ್ಣ. ಪೇಟ ಸುತ್ತಿದ ತಲೆ, ಕೈಯಲ್ಲಿ ಬೆತ್ತ. ಹತ್ತಿರ ಹೋಗಿ ನೋಡಿದರೆ ಪೇಟದ ಮೇಲೆ ಬಿಳಿ ಚುಕ್ಕೆಗಳು. ಮೊದಲು ಬಣ್ಣವೇ ಹಾಗೆ ಅಂದುಕೊಂಡೆ. ಉಗುರಿನಿಂದ ಮುಟ್ಟಿದಾಗ ಗೊತ್ತಾಯಿತು, ಡಿಸ್ಟೆಂಪರ್. ಮಂತ್ರಿಗಳು ಬರುತ್ತಾರೆ ಅಂತ ಗೋಡೆಗೆ ಬಣ್ಣ ಹೊಡೆದಿದ್ದಾರೆ, ಚಿತ್ರ ಇಳಿಸುವ ತಾಪತ್ರಯ ಯಾಕೆ ಅಂತ ಸುತ್ತಲೂ ಹೊಡೆದಿದ್ದಾರೆ. ಕೆಳಗಿನ ಅಂಚಿನಲ್ಲಿ ಕ್ಯಾನ್ವಾಸು ಜೋತುಬಿದ್ದು ಹೊಟ್ಟೆ ಬಂದಿತ್ತು. ಬೆತ್ತ ಹಿಡಿದ ಕೈಯ ಬಣ್ಣ ಸಣ್ಣ ಸಣ್ಣ ಚಕ್ಕೆಯಾಗಿ ಏಳುತ್ತಿತ್ತು. ಒಂದು ಚಕ್ಕೆ ಫ್ರೇಮಿನ ಗೀರಿನಲ್ಲಿ ಬಿದ್ದಿತ್ತು, ಅದು ಹೆಬ್ಬೆರಳಿನ ಉಗುರು. ನೆತ್ತಿಯ ಮೇಲೆ ಟ್ಯೂಬ್‌ಲೈಟು. ಬಲಗಡೆ ಮೂಲೆಯಲ್ಲಿ ಸಹಿ ಇತ್ತು. ಅದರ ಮೇಲೆ ಯಾರೋ ಇಲಾಖೆಯ ನಂಬರ್ ಬರೆದ ಚೀಟಿ ಅಂಟಿಸಿದ್ದರು.

ಇದರಲ್ಲಿ ಹಣ ಬೇಡುವ ಕೆಲಸ ಎಷ್ಟಿದೆ ಹೇಳಿ? ಧಾರವಾಡದ ಮಳೆಗಾಲದಲ್ಲಿ ತೇವ ಹೆಚ್ಚು. ಗಾಳಿಯ ತೇವ ನೂರಕ್ಕೆ 65-70 ದಾಟಿ ಹಾಗೇ ನಿಂತರೆ ಬೂಷ್ಟು ಹತ್ತುತ್ತದೆ. ಕ್ಯಾನ್ವಾಸು ಆಗ ಸಡಿಲಾಗುತ್ತದೆ, ಮಾರ್ಚ್-ಏಪ್ರಿಲ್‌ನಲ್ಲಿ ಒಣಗಿ ಬಿಗಿಯಾಗುತ್ತದೆ. ವರ್ಷ ವರ್ಷ ಹೀಗೆ ಎಳೆದಾಡಿದರೆ ಮೇಲಿನ ಬಣ್ಣ ಒಡೆಯದೆ ಏನು ಮಾಡುತ್ತದೆ? ಇದಕ್ಕೆ ಮೊದಲ ಮದ್ದು ಏಸಿ ಅಲ್ಲ. ಹಗಲು ಓಡಿ ರಾತ್ರಿ ನಿಲ್ಲುವ ಏಸಿಯಿಂದ ಏರಿಳಿತ ಇನ್ನೂ ಜಾಸ್ತಿ ಆಗುತ್ತದೆ. ಫ್ರೇಮಿನ ಹಿಂದೆ ಕೆಳಗಡೆ ಎರಡು ಬೆಂಡಿನ ತುಂಡು ಅಂಟಿಸಿದರೆ ಗೋಡೆಗೂ ಚಿತ್ರಕ್ಕೂ ನಡುವೆ ಗಾಳಿ ಆಡುತ್ತದೆ. ಮಳೆ ಸೋರುವ ಗೋಡೆಯಿಂದ ಇಳಿಸಿ ಒಳಗೋಡೆಗೆ ಹಾಕಬಹುದು. ಬೆಳಕು ಕಡಿಮೆ ಮಾಡಬಹುದು. ಬೆಳಕು ಅಳೆಯುವ ಮಾನಕ್ಕೆ ಲಕ್ಸ್ ಅನ್ನುತ್ತಾರೆ; ತೈಲವರ್ಣಕ್ಕೆ 200 ಲಕ್ಸ್ ಬೆಳಕು ಸಾಕು, ಜಲವರ್ಣಕ್ಕೆ 50 ಲಕ್ಸ್ ಮೀರಬಾರದು ಅಂತ ಸಂಗ್ರಹಾಲಯಗಳು ಪಾಲಿಸುತ್ತವೆ. ಕಿಟಕಿಯ ಬಿಸಿಲು ನೇರ ಬಿದ್ದರೆ ಅದು ಸಾವಿರಗಳ ಲೆಕ್ಕ. ಒಂದು ಪರದೆ ಹಾಕಲು ಯಾವ ಠರಾವು ಬೇಕು?

ಬಣ್ಣದ ಚಕ್ಕೆ ಕೂರಿಸುವ ಕೆಲಸ ಮಾತ್ರ ಪರಿಣತರದ್ದು. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಆವರಣದಲ್ಲಿ ಇಂಟ್ಯಾಕ್ ಅನ್ನುವ ಪರಂಪರೆ ಉಳಿಸುವ ಸಂಸ್ಥೆಯ ಸಂರಕ್ಷಣಾ ಕೇಂದ್ರ ಇದೆ. ಮೈಸೂರಿನಲ್ಲಿ ಕೇಂದ್ರ ಸರ್ಕಾರದ ಪ್ರಾದೇಶಿಕ ಸಂರಕ್ಷಣಾ ಪ್ರಯೋಗಾಲಯ ಇದೆ. ಆದರೆ ಪಾಲಿಕೆಗೆ ಟೆಂಡರ್ ಕಾಯ್ದೆ ಇದೆ, 1999ರ ಪಾರದರ್ಶಕತೆ ಕಾಯ್ದೆ. ಕಡಿಮೆ ದರ ಹಾಕಿದವನಿಗೆ ಕೆಲಸ. ರಸ್ತೆಗೆ ಇದು ಸರಿ. ಚಿತ್ರಕ್ಕೂ ಹೀಗೇ ಮಾಡಿದರೆ ಕಡಿಮೆ ದರ ಹಾಕುವವನು ಸೈನ್‌ಬೋರ್ಡ್ ಪೇಂಟರ್. ಅವನು ಬಂದು ಮುಖಕ್ಕೆಲ್ಲ ಹೊಸ ಬಣ್ಣ ಹಚ್ಚಿ, ವಾರ್ನಿಶ್ ಬಳಿದು, ಥಳಥಳ ಮಾಡಿಕೊಡುತ್ತಾನೆ. ನೋಡಿದವರು ಭೇಷ್ ಅನ್ನುತ್ತಾರೆ. ಮೂಲ ಕಲಾವಿದನ ಕೈ ಒಳಗೆ ಹೂತುಹೋಯಿತು. ಆ ಕಾಯ್ದೆಯಲ್ಲೇ 4(ಜಿ) ವಿನಾಯಿತಿ ಅಂತ ಇದೆ, ಟೆಂಡರ್ ಕರೆಯದೆ ಕೆಲಸ ಕೊಡಲು ಸರ್ಕಾರ ಕೊಡುವ ವಿನಾಯಿತಿ. ದೊಡ್ಡ ದೊಡ್ಡ ಕಾಮಗಾರಿಗಳಿಗೆ ಆ 4(ಜಿ) ಹೇಗೆ ಬಳಕೆಯಾಗುತ್ತದೆ ಅಂತ ಪತ್ರಿಕೆ ಓದುವವರಿಗೆ ಹೇಳಬೇಕಿಲ್ಲ. ಒಂದು ಚಿತ್ರದ ಹೆಬ್ಬೆರಳಿಗೂ ಅದನ್ನು ಒಮ್ಮೆ ಬಳಸಿದರೆ ಪಾಪ ಬರುವುದಿಲ್ಲ.

ಹೊರದೇಶಗಳಲ್ಲಿ ನಗರಸಭೆಗಳ ಕೈಯಲ್ಲಿ ಚಿತ್ರಗಳಿಗೆ ಏನಾಗಿದೆ ಅಂತ ಸ್ವಲ್ಪ ಹೇಳಬೇಕು. ಇಂಗ್ಲೆಂಡಿನ ಬರಿ ಅನ್ನುವ ಊರಿನ ಕೌನ್ಸಿಲ್ 2006ರಲ್ಲಿ ಬಜೆಟ್ ತೂತು ಮುಚ್ಚಲು ಲೌರಿ ಅನ್ನುವ ಕಲಾವಿದನ ಒಂದು ಚಿತ್ರವನ್ನು 12.5 ಲಕ್ಷ ಪೌಂಡಿಗೆ ಮಾರಿತು. ನಾರ್ಥಾಂಪ್ಟನ್ನಿನ ಕೌನ್ಸಿಲ್ 2014ರಲ್ಲಿ ತನ್ನ ಮ್ಯೂಸಿಯಮ್ಮಿನ ಈಜಿಪ್ಟ್ ಶಿಲ್ಪವನ್ನು, ಸೆಖೆಮ್ಕಾ ಅಂತ ಅದರ ಹೆಸರು, ಸುಮಾರು 1 ಕೋಟಿ 57 ಲಕ್ಷ ಪೌಂಡಿಗೆ ಹರಾಜು ಹಾಕಿತು. ಎರಡೂ ಕಡೆ ಮ್ಯೂಸಿಯಮ್ಮುಗಳ ಮಾನ್ಯತೆ ಹೋಯಿತು. ನಾರ್ಥಾಂಪ್ಟನ್ನಿಗೆ ಕೆಲವು ವರ್ಷ ಅನುದಾನದ ಬಾಗಿಲೂ ಮುಚ್ಚಿತು. ಅಮೆರಿಕದ ಡೆಟ್ರಾಯಿಟ್ ಕತೆ ಇನ್ನೂ ದೊಡ್ಡದು. 2013ರ ಜುಲೈನಲ್ಲಿ ಆ ನಗರ ದಿವಾಳಿ ಅರ್ಜಿ ಹಾಕಿತು. ಅಲ್ಲಿನ ಕಲಾ ಸಂಗ್ರಹಾಲಯದ ಚಿತ್ರಗಳು ನಗರದ ಆಸ್ತಿ. ಸಾಲ ಕೊಟ್ಟವರು "ಮಾರಿ ಕೊಡಿ" ಅಂದರು. ನಗರದ ದುಡ್ಡಿನಲ್ಲಿ ಕೊಂಡ ಚಿತ್ರಗಳಿಗೇ 45 ಕೋಟಿ ಡಾಲರಿಂದ 86 ಕೋಟಿ ಡಾಲರಿನವರೆಗೆ ಬೆಲೆ ಕಟ್ಟಿದರು. ಕೊನೆಗೆ ದಾನ ಸಂಸ್ಥೆಗಳು, ರಾಜ್ಯ ಸರ್ಕಾರ ಸೇರಿ 80 ಕೋಟಿ ಡಾಲರಿಗೂ ಹೆಚ್ಚು ಹಣ ಹೊಂದಿಸಿದರು. ಆ ಹಣ ನೌಕರರ ಪಿಂಚಣಿಗೆ ಹೋಯಿತು, ಚಿತ್ರಗಳು ನಗರದ ಕೈಯಿಂದ ಒಂದು ಸ್ವತಂತ್ರ ಸಂಸ್ಥೆಯ ಕೈಗೆ ಹೋದವು. ಒಂದೂ ಮಾರಾಟವಾಗಲಿಲ್ಲ.

ಪಿಂಚಣಿ ಮತ್ತು ಚಿತ್ರ ಎದುರುಬದುರು ನಿಂತಾಗ ಪಿಂಚಣಿಯವರ ಪರ ಮಾತಾಡಬೇಕಾಗುತ್ತದೆ, ನಾನೂ ಪಿಂಚಣಿಯವನೇ. ಡೆಟ್ರಾಯಿಟ್‌ನವರು ಎರಡನ್ನೂ ಉಳಿಸುವ ದಾರಿ ಹುಡುಕಿದರು ಅನ್ನುವುದಕ್ಕೆ ಈ ಕತೆ ನನಗೆ ಇಷ್ಟ. ನಮ್ಮಲ್ಲಿ ಯಾರಾದರೂ ಮಾರಿಬಿಡುತ್ತಾರೆ ಅನ್ನುವ ಭಯ ನನಗಿಲ್ಲ. ಮಾರಲು ಏನಿದೆ ಅಂತ ಗೊತ್ತಿದ್ದರೆ ತಾನೇ ಮಾರುವುದು!

ಬೆಂಗಳೂರಿನದ್ದೂ ಒಂದು ಪಾಠ. ಕಸ್ತೂರಬಾ ರಸ್ತೆಯ ವೆಂಕಟಪ್ಪ ಚಿತ್ರಶಾಲೆ ರಾಜ್ಯ ಸರ್ಕಾರದ್ದು. ಅದನ್ನು ಪ್ರವಾಸೋದ್ಯಮ ಇಲಾಖೆಯ ದತ್ತು ಯೋಜನೆಯಲ್ಲಿ ಖಾಸಗಿ ಪ್ರತಿಷ್ಠಾನಕ್ಕೆ ವಹಿಸಲು 2015-16ರ ಹೊತ್ತಿಗೆ ಸರ್ಕಾರ ಹೊರಟಿತ್ತು. ಕಲಾವಿದರು ಬೀದಿಗಿಳಿದರು. ಚಿತ್ರ ಬರೆದರು, ಹಾಡಿದರು, ಕಟ್ಟಡದ ಸುತ್ತ ಕೈ ಕೈ ಹಿಡಿದು ನಿಂತರು. ಆ ಒಪ್ಪಂದ ನಿಂತಿತು. ಖಾಸಗಿಯವರು ಬಂದ ಕೂಡಲೇ ಎಲ್ಲ ಹಾಳು ಅಂತ ನಾನು ನಂಬುವವನಲ್ಲ. ಆದರೆ ಜನರಿಗೆ ಹೇಳದೆ, ಕರಾರಿನ ಪ್ರತಿ ತೋರಿಸದೆ ಕೊಡುವುದು ತಪ್ಪು. ನಾಳೆ ಧಾರವಾಡ ಪಾಲಿಕೆ ಹೊಸದಾಗಿ ಶುರುವಾದಾಗ ಖಜಾನೆ ತುಂಬಿರುವುದಿಲ್ಲ. ಯಾವುದೋ ಕಂಪನಿ ತನ್ನ ಸಿಎಸ್‌ಆರ್ ಹಣದಲ್ಲಿ, ಅಂದರೆ ಸಮಾಜದ ಕೆಲಸಕ್ಕೆ ತೆಗೆದಿಡುವ ಹಣದಲ್ಲಿ, ಗ್ಯಾಲರಿ ನಡೆಸುತ್ತೇವೆ ಅಂತ ಬರಬಹುದು. ಬರಲಿ. ಕಟ್ಟಡ ನೋಡಿಕೊಳ್ಳಲಿ, ದೀಪ ಹಾಕಲಿ, ಸಂಗ್ರಹದ ಒಡೆತನ ಮಾತ್ರ ಕೊಡಬಾರದು. ಒಳಗೆ ಬರಲು ಟಿಕೆಟ್ ಹಾಕಿದರೆ ಶಾಲೆ ಮಕ್ಕಳಿಗೆ ಪುಕ್ಕಟೆ ಇರಬೇಕು.

ಹಾಗಾದರೆ ಪಾಲು ಹೇಗೆ? ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ, ಕೆಲವರಿಗೆ ಹಿಡಿಸಲಿಕ್ಕಿಲ್ಲ. ಹಂಚಬಾರದು. ಎರಡೂ ಪಾಲಿಕೆ ಸೇರಿ ಒಂದೇ ಸಂಗ್ರಹ ಇಟ್ಟುಕೊಳ್ಳಬೇಕು. ಪಟ್ಟಿ ಒಂದು, ನೋಡಿಕೊಳ್ಳುವ ಸಿಬ್ಬಂದಿ ಒಂದು, ಖರ್ಚು ಇಬ್ಬರದು. ಚಿತ್ರಗಳು ಅಲ್ಲೂ ಇಲ್ಲೂ ಓಡಾಡಲಿ. ಧಾರವಾಡದ ನಮಗೆ ಒಂದು ಜಂಬ ಇದೆ: ವಿದ್ಯೆ, ಕಲೆ ನಮ್ಮದು, ವ್ಯಾಪಾರ ಹುಬ್ಬಳ್ಳಿಯವರದು. ಗಂಗೂಬಾಯಿ ಹಾನಗಲ್ ಅವರು ಬಾಳಿದ್ದು ಹುಬ್ಬಳ್ಳಿಯಲ್ಲಿ, ಮಿಣಜಿಗಿಯವರ ಶಾಲೆ ಬೆಳೆದದ್ದೂ ಹುಬ್ಬಳ್ಳಿಯಲ್ಲಿ. ಈ ಜಂಬ ಇಟ್ಟುಕೊಂಡು ಚಿತ್ರಗಳನ್ನೆಲ್ಲ ಧಾರವಾಡಕ್ಕೇ ಎಳೆದುಕೊಂಡರೆ ನೋಡಲು ಬರುವವರು ನಾವೇ ನಲವತ್ತು ಜನ. ಹುಬ್ಬಳ್ಳಿಯಲ್ಲಿ ಸಂತೆಗೆ, ಆಸ್ಪತ್ರೆಗೆ, ಕೋರ್ಟಿಗೆ ಬಂದು ಬಸ್ಸಿಗೆ ಕಾಯುವ ಜನರ ಕಣ್ಣಿಗೆ ಚಿತ್ರ ಬೀಳಲಿ ಅನ್ನುವ ಆಸೆ ನನಗಿದೆ.

ಧಾರವಾಡದ ಸರ್ಕಾರಿ ಆರ್ಟ್ ಗ್ಯಾಲರಿ, ಸ್ಕೂಲ್ ಆಫ್ ಆರ್ಟ್ ಇವು ರಾಜ್ಯ ಸರ್ಕಾರದವು, ಪಾಲಿಕೆ ಒಡೆದರೂ ಅವು ಎಲ್ಲಿಗೂ ಹೋಗುವುದಿಲ್ಲ. ಕನ್ನಡ ಸಂಶೋಧನ ಸಂಸ್ಥೆಯ ಸಂಗ್ರಹ ವಿಶ್ವವಿದ್ಯಾಲಯದ್ದು. ಟ್ರಸ್ಟುಗಳದ್ದು ಬೇರೆ. ಹಾಗಾಗಿ ಗೊಂದಲ ಇರುವುದು ಪಾಲಿಕೆಯ ಗೋಡೆಗಳ ಮೇಲೆ, ಪಾಲಿಕೆಯ ಉದ್ಯಾನಗಳಲ್ಲಿ, ಪಾಲಿಕೆ ಒಡೆತನದ ಸಭಾಭವನಗಳಲ್ಲಿ. ಸ್ಮಾರ್ಟ್ ಸಿಟಿ ದುಡ್ಡಿನಲ್ಲಿ ಗೋಡೆಗೆ ಬರೆಸಿದ ಚಿತ್ರಗಳನ್ನೂ ಸೇರಿಸಿ. ಅವು ಎರಡು ಮಳೆಗಾಲಕ್ಕೆ ಮಾಸಿದರೂ ಜನರ ದುಡ್ಡಿನವೇ.

ಪಟ್ಟಿ ಮಾಡುವುದು ದೊಡ್ಡ ಕೆಲಸ ಅಲ್ಲ. ನಮ್ಮ ಚಿತ್ರಕಲಾ ಕಾಲೇಜುಗಳಲ್ಲಿ ಹುಡುಗರಿದ್ದಾರೆ, ಎಲ್ಲರ ಕೈಯಲ್ಲಿ ಮೊಬೈಲ್ ಇದೆ. ಚಿತ್ರದ ಮುಂಭಾಗದ ಒಂದು ಫೋಟೋ, ಹಿಂಭಾಗದ ಒಂದು ಫೋಟೋ. ಹಿಂಭಾಗ ಮರೆಯಬೇಡಿ, ಕಲಾವಿದರು ಹೆಸರು, ಇಸವಿ ಬರೆಯುತ್ತಿದ್ದದ್ದು ಎಷ್ಟೋ ಸಲ ಅಲ್ಲೇ. ಅಳತೆ, ಮಾಧ್ಯಮ, ಸಹಿ, ಈಗಿನ ಸ್ಥಿತಿ, ಎಲ್ಲಿ ತೂಗಿದೆ. ಒಂದು ನಂಬರ್ ಕೊಟ್ಟು ಹಿಂದಿನ ಚೌಕಟ್ಟಿನ ಮೇಲೆ ಪೆನ್ಸಿಲ್ಲಿನಲ್ಲಿ ಬರೆಯಬೇಕು. ಕ್ಯಾನ್ವಾಸಿನ ಮೇಲೆ ಅಲ್ಲ, ಸಹಿ ಮೇಲೆ ಚೀಟಿ ಅಂಟಿಸುವುದಂತೂ ಅಲ್ಲವೇ ಅಲ್ಲ. ಆಮೇಲೆ ಆ ಪಟ್ಟಿಯನ್ನು ಸಾಮಾನ್ಯ ಸಭೆಯಲ್ಲಿ ಮಂಡಿಸಿ ಠರಾವು ಮಾಡಬೇಕು. ನಡಾವಳಿಯಲ್ಲಿ ಸೇರಿತು ಅಂದರೆ ಅದನ್ನು ನಿರುಪಯುಕ್ತ ಕುರ್ಚಿ ಜೊತೆ ಲಿಲಾವು ಮಾಡುವುದು ಕಷ್ಟ.

ಉಪನ್ಯಾಸದ ಕೊನೆಗೆ ಹಲವರು ಪ್ರಶ್ನೆ ಕೇಳಿದರು. ಒಂದನ್ನು ಮಾತ್ರ ಇಲ್ಲಿ ಬರೆಯುತ್ತೇನೆ. ಹಿಂದಿನ ಸಾಲಿನಲ್ಲಿ ಕೂತಿದ್ದ ಹುಡುಗಿಯೊಬ್ಬಳು, ಚಿತ್ರಕಲೆ ಓದುತ್ತಿರುವವಳಂತೆ, "ಸರ್, ಪಾಲಿಕೆಯವರು ಮಾಡ್ತಾರಂತ ನಾವು ಎಷ್ಟು ದಿನಾ ಕುಂದರೂದು?" ಅಂದಳು.

ಕಾಯಬೇಡವ್ವಾ ಅಂದೆ. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕು. ಶುಲ್ಕ ಹತ್ತು ರೂಪಾಯಿ. ಉತ್ತರ ಕೊಡಲು ಅವರಿಗೆ 30 ದಿನ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ, ಹಾಗಾಗಿ ಕಲೆಯ ಮಹತ್ವ, ಹಾಲಭಾವಿಯವರ ಚರಿತ್ರೆ ಏನೂ ಬರೆಯಬೇಡ. ಇಷ್ಟು ಬರೆ: "ಪಾಲಿಕೆಯ ಎಲ್ಲ ಕಟ್ಟಡ, ಉದ್ಯಾನಗಳಲ್ಲಿರುವ ಚಿತ್ರ ಹಾಗೂ ಶಿಲ್ಪಗಳ ಪಟ್ಟಿಯ ದೃಢೀಕೃತ ಪ್ರತಿ ಕೊಡಿ. ಪಟ್ಟಿ ಇಲ್ಲದಿದ್ದರೆ ಡೆಡ್ ಸ್ಟಾಕ್ ರಿಜಿಸ್ಟರಿನಲ್ಲಿ ಫೋಟೋ, ಫ್ರೇಮ್, ಚಿತ್ರ, ಮೂರ್ತಿ ಅಂತ ನಮೂದಾಗಿರುವ ಪುಟಗಳ ಪ್ರತಿ ಕೊಡಿ." ಅರ್ಜಿಯನ್ನು ಪ್ರತಿ ವಲಯ ಕಚೇರಿಗೂ ಬೇರೆ ಬೇರೆ ಹಾಕು, ಇಲ್ಲದಿದ್ದರೆ ಇವರು ಅವರ ಕಡೆ ಕೈ ತೋರಿಸುತ್ತಾರೆ. ಸ್ವೀಕೃತಿ ಸೀಲು ಹಾಕಿಸಿಕೊಳ್ಳದೆ ಕೌಂಟರ್ ಬಿಟ್ಟು ಬರಬೇಡ. ಬಜೆಟ್ ಮಂಡನೆ ಫೆಬ್ರವರಿ-ಮಾರ್ಚ್ ಹೊತ್ತಿಗೆ. ಅದಕ್ಕೆ ಮುಂಚೆ ಉತ್ತರ ಕೈಗೆ ಬರಬೇಕು ಅಂದರೆ ಡಿಸೆಂಬರಿನೊಳಗೆ ಹಾಕಬೇಕು.

ಆಕೆ ಬರೆದುಕೊಂಡಳು. ಪಕ್ಕದಲ್ಲಿದ್ದ ಇಬ್ಬರು ಅವಳ ಪುಸ್ತಕ ನೋಡಿ ಫೋಟೋ ತೆಗೆದುಕೊಂಡರು.